ಮುಷ್ಕರವೂ ನಮ್ಮ ಮೂಟೆಯೂ

ವಿಮಾನದ ವಿಷಯವಾಗಿ ಬರೆಯಲು ನ್ಯಾಮತಿಯವರಿಗೇನು ಅಧಿಕಾರ ಎಂದು ಓದುಗ ಮಿತ್ರರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ನಾನು ಇಂದಿನವರೆಗೆ ವಿಮಾನ ಹತ್ತಿಲ್ಲ. ಶಿವಮೊಗ್ಗದ ಬಳಿಯ ಸೋಗಾನೆಯ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆಯಾಗಿ, ಅದೇ ವರ್ಷ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ವಿಮಾನ ಬಂದಿಳಿಯಿತು. ಆದರೂ ಮೆಕ್ಕೆಜೋಳ ಮುರಿಯುವಾಗ ಸದ್ದು ಕೇಳಿದರೆ ತಲೆಯೆತ್ತಿ ನೋಡುವುದಷ್ಟೇ ನನ್ನ ಪಾಲಿನ ವಿಮಾನಯಾನ. ಆದರೆ ನಮ್ಮಣ್ಣ ಹತ್ತಿದ್ದಾನೆ. ಅವನ ಟಿಕೆಟ್ಟನ್ನು ಮೊದಲಿನಿಂದ ಕೊನೆಯವರೆಗೆ ಓದಿದ ಏಕೈಕ ಪ್ರಾಣಿ ನಾನು. ಮನೆಯಲ್ಲಿ ಬಿ.ಎ. ಓದುತ್ತಿರುವುದು ನಾನೊಬ್ಬನೇ ಆದ್ದರಿಂದ, ಇಂಗ್ಲಿಷಿನ ಯಾವ ಕಾಗದ ಬಂದರೂ ಅದು ನನ್ನ ಮುಂದೆಯೇ ಬೀಳುತ್ತದೆ. ಆ ಓದಿನ ಬಲದಿಂದ ನಾಲ್ಕು ಮಾತು ಹೇಳುವ ಧೈರ್ಯ ಮಾಡಿದ್ದೇನೆ.

ಅಣ್ಣ ಐ.ಟಿ.ಐ. ಮಾಡಿ ಫಿಟ್ಟರ್ ಆದವನು. ಕಳೆದ ವರ್ಷ, ಅಂದರೆ 2025ರಲ್ಲಿ, ಅವನಿಗೆ ಮಸ್ಕತ್ತಿನಲ್ಲಿ ಕೆಲಸ ಸಿಕ್ಕಿತು. ಹೊರಡುವ ಖರ್ಚಿಗೆ ಅಮ್ಮನ ಅವಲಕ್ಕಿ ಸರ ಬ್ಯಾಂಕಿನ ಪೆಟ್ಟಿಗೆ ಸೇರಿತು. ಆಗಸ್ಟ್ 6ರ ಬೆಳಿಗ್ಗೆ ಬೆಂಗಳೂರಿನಿಂದ ಮುಂಬಯಿಗೆ, ಮುಂಬಯಿಯಿಂದ ಮಸ್ಕತ್ತಿಗೆ ಪ್ರಯಾಣ. ಇಂಥ ದಿನದೊಳಗೆ ಹಾಜರಾಗಬೇಕೆಂದು ಪತ್ರದಲ್ಲಿ ಸ್ಪಷ್ಟವಾಗಿ ಬರೆದಿತ್ತು. ಇಷ್ಟರಲ್ಲಿ ಜುಲೈ ತಿಂಗಳ ಪತ್ರಿಕೆಗಳಲ್ಲಿ ಸುದ್ದಿ ಬಂದಿತು: 38 ತಿಂಗಳ ವೇತನ ಬಾಕಿಗಾಗಿ ರಾಜ್ಯದ ಸಾರಿಗೆ ನೌಕರರು ಆಗಸ್ಟ್ 5ರಿಂದ ಮುಷ್ಕರ ಹೂಡುತ್ತಾರೆ ಎಂದು.

ಇಲ್ಲಿ ನಮ್ಮ ಮನೆಯ ವಿಚಿತ್ರವನ್ನು ಹೇಳಲೇಬೇಕು. ನಮ್ಮ ಸೋದರಮಾವ ಸಾರಿಗೆ ಬಸ್ಸಿನ ಕಂಡಕ್ಟರು. 2021ರ ಏಪ್ರಿಲ್ 7ರಿಂದ ಎರಡು ವಾರ ನಡೆದ ಮುಷ್ಕರದಲ್ಲೂ ಅವನಿದ್ದ; ಆ ಯುಗಾದಿಗೆ ಅವನ ಮಕ್ಕಳಿಗೆ ಹೊಸ ಬಟ್ಟೆ ಬರಲಿಲ್ಲವೆಂಬುದು ನನಗೆ ನೆನಪಿದೆ. ಅವನೇ ಅಣ್ಣನಿಗೆ ಫೋನ್ ಮಾಡಿ, “ಅಳಿಯಾ, ಐದನೇ ತಾರೀಖು ನಾನು ಗಾಡಿ ಹತ್ತೋದಿಲ್ಲ, ನೀನೂ ಹತ್ತೋ ಹಾಗೆ ಇಟ್ಕೋಬೇಡ. ನಾಲ್ಕಕ್ಕೇ ಬೆಂಗಳೂರು ಸೇರು” ಎಂದ. ಮುಷ್ಕರ ಹೂಡುವವನೂ ನಮ್ಮವನೇ, ಅದರಿಂದ ಸಿಕ್ಕಿಬೀಳುವವನೂ ನಮ್ಮವನೇ. ಪತ್ರಿಕೆಗಳಲ್ಲಿ ‘ಪ್ರಯಾಣಿಕರ ಪರದಾಟ’ ಎಂಬ ತಲೆಬರಹ ಕಂಡಾಗಲೆಲ್ಲ, ಪರದಾಡುವವರು ಒಂದು ಕಡೆ, ಪರದಾಡಿಸುವವರು ಇನ್ನೊಂದು ಕಡೆ ಎಂದು ನಾವು ಭಾವಿಸುತ್ತೇವಲ್ಲ, ಅದು ಎಷ್ಟು ತಪ್ಪೆಂಬುದು ನನಗೆ ಅಂದು ತಿಳಿಯಿತು.

ನಮ್ಮೂರ ಕಡೆ ಖಾಸಗಿ ಬಸ್ಸುಗಳು ಸಾಕಷ್ಟಿವೆ, ಶಿವಮೊಗ್ಗದಿಂದ ಮುಂದೆ ರೈಲಿದೆ. ಭಯವಿದ್ದುದು ಬೆಂಗಳೂರಿನ ಮೆಜೆಸ್ಟಿಕ್ಕಿನಿಂದ ದೇವನಹಳ್ಳಿಯ ಕಡೆಗಿರುವ ದಾರಿಯ ಬಗ್ಗೆ. ಅಣ್ಣ 4ರ ಮುಂಜಾನೆಯೇ ಜನಶತಾಬ್ದಿ ಹಿಡಿದು, ಪೀಣ್ಯದಲ್ಲಿರುವ ನಮ್ಮೂರ ಹುಡುಗರ ಕೋಣೆಯಲ್ಲಿ ಎರಡು ರಾತ್ರಿ ಕಳೆದ. ಐದರಂದು ಹಲವು ಜಿಲ್ಲೆಗಳಲ್ಲಿ ಬಸ್ಸು ನಿಂತವು. ಆದರೆ ಹೈಕೋರ್ಟಿನ ಆದೇಶದಿಂದಾಗಿ ಮುಷ್ಕರವನ್ನು ಅದೇ ದಿನ ಮುಂದೂಡಿದರು. “ಒಂದು ದಿನ ಸುಮ್ಮನೆ ಹಾಳಾಯಿತು” ಎಂದು ನೆರೆಯವರು ನಕ್ಕರು. ಆ ದಿನ ಹಾಳಾಯಿತೆಂದು ನನಗೇನೋ ಅನಿಸುವುದಿಲ್ಲ. ಪೀಣ್ಯದ ಎರಡು ರಾತ್ರಿಗೆ ಖರ್ಚಾದುದು ಊಟದ ಹಣ ಮಾತ್ರ.

ವಿಮಾನದವರ ಮುಷ್ಕರ ಮಾತ್ರ ಬೇರೆಯೇ ಬಗೆಯದು. ಅಲ್ಲಿ ಸೋದರಮಾವನ ಫೋನ್ ಬರುವುದಿಲ್ಲ. 2012ರಲ್ಲಿ ಏರ್ ಇಂಡಿಯಾ ಪೈಲಟ್ಟುಗಳ ಮುಷ್ಕರ 58 ದಿನ ನಡೆಯಿತು. 2024ರ ಮೇ 7ರ ರಾತ್ರಿಯಿಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ಸಿನ ಸಿಬ್ಬಂದಿಯಲ್ಲಿ ನೂರಾರು ಮಂದಿ ಒಮ್ಮೆಗೇ ಕಾಯಿಲೆಯೆಂದು ರಜೆ ಹಾಕಿದರು. 9ರಂದು ದೆಹಲಿಯಲ್ಲಿ ರಾಜಿಯಾಗುವಷ್ಟರಲ್ಲಿ ಗಲ್ಫಿಗೆ ಹೊರಟಿದ್ದ ಎಷ್ಟೋ ಕೂಲಿಕಾರರು ನಿಲ್ದಾಣದ ನೆಲದ ಮೇಲೆ ಮಲಗಿ ಎದ್ದಿದ್ದರು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ ಮುಷ್ಕರಕ್ಕೆ 14 ದಿನ ಮೊದಲೇ ನೋಟೀಸು ಕೊಡಬೇಕು. ಅರ್ಧದಷ್ಟು ನೌಕರರು ಕೂಡಿ ಒಂದೇ ದಿನ ಸಾಂದರ್ಭಿಕ ರಜೆ ಹಾಕಿದರೂ ಅದು ಮುಷ್ಕರವೇ. ಪ್ರಯಾಣಿಕನ ಮಟ್ಟಿಗೆ ನೋಟೀಸು ಒಳ್ಳೆಯದೇ. ಆದರೆ ಮುಷ್ಕರದ ಬಾಯಿ ಕಟ್ಟುತ್ತ ಹೋದರೆ ಜ್ವರದ ನೆಪಗಳು ಹೆಚ್ಚುತ್ತವೆಯೇ ಹೊರತು ಕಡಿಮೆಯಾಗುವುದಿಲ್ಲವೆಂದು ನನ್ನ ಅನುಮಾನ. ಜ್ವರಕ್ಕೆ ಯಾರು ನೋಟೀಸು ಕೊಟ್ಟಾರು?

ಹೀಗಿರುವಾಗ ತಿಳಿದವರು ಕೊಡುವ ಬುದ್ಧಿಮಾತು ಒಂದಿದೆ: ‘ಇನ್ನೊಂದು ಟಿಕೆಟ್ಟು ತೆಗೆದಿಟ್ಟುಕೊಳ್ಳಿ, ಬೇಡವಾದರೆ ರದ್ದುಮಾಡಿ’ ಎಂದು. ಈ ಮಾತನ್ನು ನಾನು ಒಪ್ಪಲಾರೆ. ರದ್ದುಮಾಡಿದರೆ ಪೂರ್ತಿ ಹಣ ಮರಳುವ ಟಿಕೆಟ್ಟು ದುಬಾರಿಯದು. ಅಗ್ಗದ ಟಿಕೆಟ್ಟಿನಲ್ಲಿ ಮರಳುವುದು ಚಿಲ್ಲರೆ ಮಾತ್ರ. ಕೊನೆಯ ಗಳಿಗೆಯಲ್ಲಿ ಕೊಳ್ಳೋಣವೆಂದರೆ ಅಂದಿನ ಬೆಲೆ ಕೇಳುವುದೇ ಬೇಡ. 2025ರ ಡಿಸೆಂಬರಿನಲ್ಲಿ ಇಂಡಿಗೋ ವಿಮಾನಗಳು ಸಾವಿರಗಟ್ಟಲೆ ರದ್ದಾದಾಗ (ಅದು ಮುಷ್ಕರವಲ್ಲ, ಪೈಲಟ್ಟುಗಳ ವಿಶ್ರಾಂತಿಯ ಹೊಸ ನಿಯಮಕ್ಕೆ ಕಂಪನಿ ಸಿದ್ಧವಾಗಿರಲಿಲ್ಲ) ಸರ್ಕಾರವೇ ನಡುವೆ ಬಂದು 500 ಕಿಲೋಮೀಟರಿನೊಳಗೆ 7,500 ರೂಪಾಯಿ, 1,500 ಮೀರಿದರೆ 18,000 ರೂಪಾಯಿ ಎಂದು ಮಿತಿ ಹಾಕಬೇಕಾಯಿತು. ಮಿತಿಯೇ ಇಷ್ಟು! ನಮ್ಮಪ್ಪ ಅಡಿಕೆ ಸುಲಿದು 7,500 ರೂಪಾಯಿ ನೋಡಬೇಕಾದರೆ ಎಷ್ಟು ದಿನ ಬೇಕೆಂದು ಲೆಕ್ಕ ಹಾಕಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಎರಡನೆಯ ಟಿಕೆಟ್ಟಿನ ಹಣ ನಮ್ಮಲ್ಲಿಲ್ಲ, ನಿಜ. ನಮ್ಮಲ್ಲಿರುವುದು ಸಮಯ, ನಾಲ್ಕು ಮಂದಿ ಊರವರ ಪರಿಚಯ, ಹಗುರವಾದ ಗಂಟು. ಬದಲಿ ಏರ್ಪಾಡನ್ನು ಇವುಗಳಿಂದಲೇ ಕಟ್ಟಬೇಕು.

ಹಣ ಹಾಕಲೇಬೇಕಾದ ಕಡೆ ಒಂದುಂಟು. ಶಿವಮೊಗ್ಗದ ಏಜೆಂಟರು ಅಣ್ಣನಿಗೆ ಎರಡು ಕಂಪನಿಗಳ ಎರಡು ಬಿಡಿ ಟಿಕೆಟ್ಟು ತೋರಿಸಿ, 2,300 ರೂಪಾಯಿ ಉಳಿಯುತ್ತದೆ ಎಂದರು. ಅಪ್ಪನ ಮುಖ ಅರಳಿತು. ನಾನು ಬೇಡವೆಂದೆ. ನಮ್ಮ ಪಕ್ಕದ ಹಳ್ಳಿಯವರೊಬ್ಬರು ಹಿಂದೆ ಹೀಗೆಯೇ ಬಿಡಿ ಟಿಕೆಟ್ಟಿನಲ್ಲಿ ಹೋಗಿ, ಮೊದಲ ವಿಮಾನ ರದ್ದಾಗಿ, ಎರಡನೆಯ ಕಂಪನಿಯ ಪುಸ್ತಕದಲ್ಲಿ ‘ಬಾರದವರು’ ಎನಿಸಿಕೊಂಡು, ಹಣವನ್ನೂ ಕೆಲಸವನ್ನೂ ಕಳೆದುಕೊಂಡು ಮನೆಗೆ ಬಂದಿದ್ದರು. ಒಂದೇ ಬುಕಿಂಗಿನಲ್ಲಿ ಎರಡೂ ವಿಮಾನವಿದ್ದರೆ, ಮೊದಲನೆಯದು ಕೈಕೊಟ್ಟಾಗ ಮುಂದಿನದಕ್ಕೆ ದಾರಿ ಮಾಡುವ ಹೊಣೆ ಕಂಪನಿಯದು. ಪೆಟ್ಟಿಗೆಗೆ ಬೆಂಗಳೂರಿನಲ್ಲೇ ಮಸ್ಕತ್ತಿನ ಚೀಟಿ ಅಂಟಿಸುತ್ತಾರೆ. ಬಿಡಿ ಟಿಕೆಟ್ಟಾದರೆ ಮುಂಬಯಿಯಲ್ಲಿ ಪೆಟ್ಟಿಗೆ ಇಳಿಸಿಕೊಂಡು ಮತ್ತೆ ಸಾಲಿನಲ್ಲಿ ನಿಲ್ಲಬೇಕು. ಮೊದಲ ಟರ್ಮಿನಲ್ಲಿನಲ್ಲಿ ಇಳಿದಿದ್ದರೆ ಎರಡನೆಯದಕ್ಕೆ ರಸ್ತೆಯ ಮೇಲೆ ಹೋಗಬೇಕು. ಆ 2,300 ರೂಪಾಯಿ ಕೊಟ್ಟದ್ದಕ್ಕೆ ಅಪ್ಪ ಎರಡು ದಿನ ನನ್ನೊಡನೆ ಮಾತಾಡಲಿಲ್ಲ.

ಪರಿಹಾರದ ಆಸೆಯಂತೂ ಬೇಡ. ವಿಮಾನ ರದ್ದಾದರೆ ಬದಲಿ ವಿಮಾನ ಇಲ್ಲವೆ ಪೂರ್ತಿ ಹಣ ಕೇಳುವ ಹಕ್ಕು ನಮ್ಮ ದೇಶದ ನಿಯಮದಲ್ಲಿದೆ. ಆದರೆ ಅದರ ಮೇಲಿನ ಪರಿಹಾರಕ್ಕೆ ಮುಷ್ಕರವನ್ನು ಬಿರುಗಾಳಿ, ಪ್ರವಾಹಗಳ ಸಾಲಿಗೆ ಸೇರಿಸಿ ಹೊರಗಿಟ್ಟಿದ್ದಾರೆ. ಯೂರೋಪಿನ ನ್ಯಾಯಾಲಯ 2018ರಲ್ಲಿ, ಜರ್ಮನಿಯ ಒಂದು ಕಂಪನಿಯ ನೌಕರರು ಹೀಗೆಯೇ ಒಟ್ಟಾಗಿ ‘ಕಾಯಿಲೆ’ ಬಿದ್ದಾಗ, ಸ್ವಂತ ನೌಕರರ ಅಸಮಾಧಾನ ಕಂಪನಿಯ ಕೈಮೀರಿದ ವಿಪತ್ತಲ್ಲ, ಪರಿಹಾರ ಕೊಡತಕ್ಕದ್ದೇ ಎಂದು ತೀರ್ಪು ಕೊಟ್ಟಿತು. ನನಗೆ ಅದೇ ನ್ಯಾಯವಾಗಿ ಕಾಣುತ್ತದೆ. ಮಾವನ ಬಾಕಿ ವೇತನ ಬಿರುಗಾಳಿಯೇ? ಸಕಾಲದಲ್ಲಿ ಕೊಟ್ಟಿದ್ದರೆ ಬೀಸುತ್ತಿರಲಿಲ್ಲವಲ್ಲ!

ಇನ್ನು ಮೂಟೆಯ ಮಾತು. ಡಿಸೆಂಬರಿನ ಗಲಿಬಿಲಿಯಲ್ಲಿ ನಿಲ್ದಾಣಗಳ ನೆಲದ ಮೇಲೆ ವಾರಸುದಾರರಿಲ್ಲದ ಪೆಟ್ಟಿಗೆಗಳ ರಾಶಿಯನ್ನು ಎಲ್ಲರೂ ಚಿತ್ರಗಳಲ್ಲಿ ಕಂಡೆವು. 48 ಗಂಟೆಗಳೊಳಗೆ ಅವನ್ನು ಮುಟ್ಟಿಸಬೇಕೆಂದು ಸರ್ಕಾರ ಆಜ್ಞೆ ಮಾಡಬೇಕಾಯಿತು. ಒಪ್ಪಿಸಿದ ಪೆಟ್ಟಿಗೆ ವಿಮಾನದವರ ವಶ. ದಾರಿ ಬದಲಿಸಬೇಕಾದಾಗ ಅದು ನಮ್ಮನ್ನು ಕಟ್ಟಿಹಾಕುತ್ತದೆ. ಆದುದರಿಂದ ಅಣ್ಣನ ಪಾಸ್‌ಪೋರ್ಟು, ಮೂಲ ಪ್ರಮಾಣಪತ್ರ, ಕೆಲಸದ ಪತ್ರ, ಮಾತ್ರೆ, ಒಂದು ಜೊತೆ ಬಟ್ಟೆ, ಫೋನಿನ ಪವರ್ ಬ್ಯಾಂಕು (ಅದನ್ನು ಒಳಗಿನ ಪೆಟ್ಟಿಗೆಯಲ್ಲಿ ಬಿಡುವುದೂ ಇಲ್ಲ) ಎಲ್ಲವನ್ನೂ 7 ಕಿಲೋ ಮೀರದ ಕೈಚೀಲಕ್ಕೆ ಹಾಕಿದೆವು. ಮಿಕ್ಕ ಪೆಟ್ಟಿಗೆ ಎರಡು ವಾರ ತಡವಾಗಿ ಬಂದರೂ ಕೆಲಸಕ್ಕೆ ಹಾಜರಾಗಲು ಅಡ್ಡಿಯಿರಬಾರದೆಂಬುದು ಲೆಕ್ಕ.

ಚೀಲವನ್ನು ಬೀದಿಯ ಕೊನೆಯ ದಿನಸಿ ಅಂಗಡಿಯ ತಕ್ಕಡಿಯಲ್ಲಿ ತೂಗಿದೆವು. ಒಂಬತ್ತು ಕಿಲೋ ಬಂತು. ಅಮ್ಮ ನಮಗೆ ತಿಳಿಯದಂತೆ ತಳದಲ್ಲಿ ಶೇಂಗಾ ಚಟ್ನಿಪುಡಿಯನ್ನೂ ಮಾವಿನ ಉಪ್ಪಿನಕಾಯಿಯ ಶೀಸೆಯನ್ನೂ ಇಟ್ಟಿದ್ದಳು. ಪುಡಿಯನ್ನು ದೊಡ್ಡ ಪೆಟ್ಟಿಗೆಗೆ ಸಾಗಿಸಿದೆವು. ಎಣ್ಣೆಯ ಉಪ್ಪಿನಕಾಯಿ ಕೈಚೀಲದಲ್ಲಿ ಬಿಡುವುದಿಲ್ಲ, ಪೆಟ್ಟಿಗೆಯಲ್ಲಿ ಒಡೆದರೆ ಬಟ್ಟೆಯೆಲ್ಲ ಹಾಳು ಎಂದು ನಾನು ಓದಿದ ನಿಯಮವನ್ನೆಲ್ಲ ಒಪ್ಪಿಸಿದೆ. ಅಮ್ಮ ಮಾತಾಡದೆ ಶೀಸೆಯನ್ನು ಸೆರಗಿನಲ್ಲಿ ಒರೆಸಿ ಒಳಗೆ ಕೊಂಡುಹೋದಳು. ಅದು ಈಗಲೂ ಅಡಿಗೆಮನೆಯ ಮೇಲಿನ ಹಲಗೆಯ ಮೇಲಿದೆ. ಅಣ್ಣ ರಜಕ್ಕೆ ಬರುವವರೆಗೆ ಯಾರೂ ಮುಟ್ಟಕೂಡದಂತೆ.