ಕರೆಸಿಕೊಂಡದ್ದಾಯಿತು, ಹೋಗುವುದು ಯಾವಾಗ?

ಆಫ್ರಿಕಾದ ಸಂಶೋಧಕರಿಗೆಂದು ಸರ್ ಸಿ.ವಿ. ರಾಮನ್ ಹೆಸರಿನಲ್ಲಿ ಫೆಲೋಶಿಪ್ ಶುರುವಾದದ್ದು 2010ರಲ್ಲಿ. ಹದಿನೈದು ವರ್ಷ ದಾಟಿತು. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯೂ ವಿದೇಶಾಂಗ ಸಚಿವಾಲಯವೂ ಹಣ ಕೊಟ್ಟವು, ವಾಣಿಜ್ಯೋದ್ಯಮಿಗಳ ಒಕ್ಕೂಟವಾದ ಫಿಕ್ಕಿ ನಡೆಸುವ ಹೊಣೆ ಹೊತ್ತುಕೊಂಡಿತು. ಎಳೆಯ ಸಂಶೋಧಕರಿಗೆ ಎಲ್ಲಕ್ಕಿಂತ ದೀರ್ಘ ಅವಧಿ, ಅನುಭವಿ ಅಧ್ಯಾಪಕರಿಗೆ ಮೂರು ತಿಂಗಳು, ಹಿರಿಯ ಪ್ರಾಧ್ಯಾಪಕರಿಗೆ ಒಂದು ತಿಂಗಳು, ಹೀಗೆ ಮೂರು ಬಗೆ. ಬಾಳಿನ ಕೊನೆಯ ದಶಕಗಳನ್ನು ಬೆಂಗಳೂರಿನಲ್ಲಿ ಕಳೆದ ರಾಮನ್ ಅವರ ಹೆಸರು ನೈರೋಬಿ, ಇಬಾದಾನ್‌ಗಳ ಪ್ರಯೋಗಾಲಯಗಳ ಸೂಚನಾಫಲಕಕ್ಕೆ ಏರಿತೆಂದು ಕನ್ನಡಿಗರು ಹೆಮ್ಮೆಪಡಬಹುದು. ಆದರೆ ಹೆಮ್ಮೆಯೊಂದರಿಂದ ಲೆಕ್ಕ ಮುಗಿಯುವುದಿಲ್ಲ.

ಶರವಣಂಪಟ್ಟಿಯಲ್ಲಿ ಕೂತು ಈ ಲೆಕ್ಕ ಯಾಕೆ ಎಂದು ಕೆಲವರು ಕೇಳಬಹುದು. ಕೊಯಮತ್ತೂರಿನಿಂದ ಸತ್ಯಮಂಗಲದ ಕಡೆಗೆ ಹೊರಟು, ಬಣ್ಣಾರಿ, ದಿಂಬಂ ಘಾಟಿ ದಾಟಿ ನಮ್ಮ ಚಾಮರಾಜನಗರ ಸೇರುವ ರಸ್ತೆಯ ಮೇಲಿದೆ ಈ ಊರು. ಇಂದು ಇಲ್ಲಿ ಐಟಿ ಕಂಪನಿಗಳೂ ಇಂಜಿನಿಯರಿಂಗ್ ಕಾಲೇಜುಗಳೂ ಒತ್ತೊತ್ತಾಗಿವೆ. ಬಾಡಿಗೆ ಮನೆಗಳಲ್ಲಿ ಕನ್ನಡ ಮಾತಾಡುವವರ ಜೊತೆಗೆ ಆಫ್ರಿಕಾದ ವಿದ್ಯಾರ್ಥಿಗಳೂ ಸಿಗುತ್ತಾರೆ. ಕೊಯಮತ್ತೂರಿನ ಬೇರೆ ಮಗ್ಗುಲುಗಳಲ್ಲಿ ಕೃಷಿ ವಿಶ್ವವಿದ್ಯಾಲಯ, ಭಾರತಿಯಾರ್ ವಿಶ್ವವಿದ್ಯಾಲಯ, ಜವಳಿ ಸಂಶೋಧನೆಯ ಸಿಟ್ರಾ, ಕಬ್ಬು ತಳಿ ಸಂಸ್ಥೆ. ಫೆಲೋಶಿಪ್ ಹಿಡಿದು ಬರುವ ಅಧ್ಯಾಪಕನಿಗೆ ದಕ್ಷಿಣದಲ್ಲಿ ಇದಕ್ಕಿಂತ ಒಳ್ಳೆಯ ಊರು ಬೆಂಗಳೂರೊಂದೇ ಇರಬೇಕು.

ಅದಕ್ಕೂ ಹಳೆಯ ಕಾರಣವೊಂದಿದೆ. 1912ರಲ್ಲಿ ಹುಟ್ಟಿದ ಕೊಯಮತ್ತೂರಿನ ಕಬ್ಬು ತಳಿ ಸಂಸ್ಥೆಯಿಂದ 1930ರ ದಶಕದ ಕೊನೆಗೆ ದಕ್ಷಿಣ ಆಫ್ರಿಕಾದ ನಟಾಲ್‌ಗೆ ಕಬ್ಬಿನ ಬೀಜ ಹೋಯಿತು. ನಟಾಲಿನ ಚಳಿಯಲ್ಲಿ ಕಬ್ಬು ಫಲವತ್ತಾದ ಬೀಜ ಕಟ್ಟುವುದು ಕಷ್ಟ, ಕೊಯಮತ್ತೂರಿನ ಹವೆಯಲ್ಲಿ ಸಲೀಸು. ಕೋ 421 ಮತ್ತು ಕೋ 312ರ ಸಂಕರದಿಂದ ಬಂದ ಆ ಹತ್ತಿಯಂಥ ನವಿರು ಬೀಜವನ್ನು ಡರ್ಬನ್ ಬಳಿಯ ಮೌಂಟ್ ಎಜ್‌ಕೂಂಬ್ ಕೇಂದ್ರದಲ್ಲಿ ಮೊಳೆಯಿಸಿ, ಆರಿಸಿ, 1945ರಲ್ಲಿ ಎನ್‌ಕೋ 310 ಎಂಬ ತಳಿಯಾಗಿ ಬಿಡುಗಡೆ ಮಾಡಿದರು. ಹೆಸರಿನಲ್ಲೇ ನಟಾಲೂ ಇದೆ, ಕೊಯಮತ್ತೂರೂ ಇದೆ. ಮರುವರ್ಷವೇ ವರ್ಣಭೇದದ ವಿರುದ್ಧ ಭಾರತ ದಕ್ಷಿಣ ಆಫ್ರಿಕಾದ ಜೊತೆ ವ್ಯಾಪಾರ ಸಂಬಂಧ ಕಡಿದುಕೊಂಡಿತು. ಆ ಹೊತ್ತಿಗೆ ತಳಿ ಹೊಲ ಸೇರಿಯಾಗಿತ್ತು. ಮುಂದೆ ತೈವಾನಿನವರೆಗೂ ಹಬ್ಬಿತು. ಇಲ್ಲಿ ಸಂಕರ, ಅಲ್ಲಿ ಆಯ್ಕೆ. ಎರಡೂ ಕಡೆ ಕೆಲಸ ಆಯಿತು, ಎರಡೂ ಕಡೆಗೆ ಹೆಸರು ಬಂತು. ಇವತ್ತಿನ ಯಾವ ಫೆಲೋಶಿಪ್ ಅನ್ನೂ ನಾನು ಅಳೆಯುವುದು ಈ ಕಬ್ಬಿನ ಗಳದಿಂದಲೇ.

ಇನ್ನು ಜಮೆಯ ಪುಟ. ವಿದೇಶಿಯರಿಗೆಂದು ಭಾರತ ನಡೆಸುವ ಐಟೆಕ್ ತರಬೇತಿ ಯೋಜನೆ 1964ರಿಂದ ನಡೆದು ಬಂದಿದೆ; ವಿಮಾನದ ಟಿಕೆಟ್, ಊಟ, ವಸತಿ ಎಲ್ಲ ಭಾರತದ್ದು. ಅದೇ 1964ರಲ್ಲಿ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ ಅಂತರರಾಷ್ಟ್ರೀಯ ಆಹಾರ ತಂತ್ರಜ್ಞಾನ ತರಬೇತಿ ಕೇಂದ್ರ ತೆರೆಯಿತು. ಏಷ್ಯಾ, ಆಫ್ರಿಕಾಗಳ ತಂತ್ರಜ್ಞರು ಆ ಸಂಸ್ಥೆಯ ನೆಲೆಯಾದ ಚೆಲುವಾಂಬ ಮ್ಯಾನ್ಶನ್ನಿನ ಆವರಣದಲ್ಲಿ ಓದಿ ಹೋದರು. ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತಿನ ವಿದ್ಯಾರ್ಥಿವೇತನದಲ್ಲಿ ಇಲ್ಲಿಗೆ ಬಂದು ಪಿಎಚ್.ಡಿ. ಮುಗಿಸಿ, ಮರಳಿ ತಮ್ಮ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿರುವ ಅಧ್ಯಾಪಕರು ಆಫ್ರಿಕಾದ ಉದ್ದಗಲಕ್ಕೂ ಇದ್ದಾರೆ. 2015ರಲ್ಲಿ ದೆಹಲಿಯಲ್ಲಿ ಸೇರಿದ ಮೂರನೆಯ ಭಾರತ-ಆಫ್ರಿಕಾ ಶೃಂಗಸಭೆಯಲ್ಲಿ ಐದು ವರ್ಷಕ್ಕೆ 50,000 ವಿದ್ಯಾರ್ಥಿವೇತನದ ಮಾತು ಕೊಟ್ಟೆವು. ನಾಲ್ಕನೆಯ ಶೃಂಗಸಭೆ 2020ರಲ್ಲಿ ಸೇರಬೇಕಿತ್ತು, ಕೊರೊನಾ ಬಂದು ಮುಂದಕ್ಕೆ ಹೋಯಿತು. ಅಬ್ದುಲ್ ಕಲಾಂ ಅವರು ರಾಷ್ಟ್ರಪತಿಯಾಗಿದ್ದಾಗ ಮುಂದಿಟ್ಟ, 2009ರಲ್ಲಿ ಚಾಲನೆಯಾದ ಪ್ಯಾನ್ ಆಫ್ರಿಕನ್ ಇ-ನೆಟ್‌ವರ್ಕ್ ಉಪಗ್ರಹದ ಮೂಲಕ ಪಾಠ ಮುಟ್ಟಿಸಿತು. ಅದರ ಮುಂದುವರಿಕೆಯಾಗಿ 2019ರಲ್ಲಿ ಇ-ವಿದ್ಯಾಭಾರತಿ ಬಂತು. ಉಪಕಾರ ಸಣ್ಣದಲ್ಲ.

ಖರ್ಚಿನ ಪುಟದಲ್ಲಿ ಬರೆಯಬೇಕಾದದ್ದು ಒಂದೇ, ಆದರೆ ದೊಡ್ಡದು. ಈ ಯೋಜನೆಗಳಲ್ಲಿ ಹೆಚ್ಚಿನವುಗಳಲ್ಲಿ ಅವರು ಬರಬೇಕು, ನಾವು ಕಲಿಸಬೇಕು. ವಿನಿಮಯ ಎನ್ನುತ್ತೇವೆ, ನಡೆದದ್ದು ಒಮ್ಮುಖ ಸಂಚಾರ. ಮೂರು ತಿಂಗಳಲ್ಲಿ ಉಪಕರಣದ ಪರಿಚಯ ಆಗುವಷ್ಟರಲ್ಲಿ ಹೊರಡುವ ದಿನ ಬರುತ್ತದೆ. ಹೋದ ಮೇಲೆ ಅವರ ಪ್ರಯೋಗಾಲಯಕ್ಕೆ ಇಲ್ಲಿನ ಮಾರ್ಗದರ್ಶಕರು ಹೋಗಿ ಎರಡು ವಾರ ನಿಂತು ಕೆಲಸ ಮುಂದುವರಿಸಲು ಆ ಫೆಲೋಶಿಪ್ಪಿನಲ್ಲೇ ಹಣ ಇಟ್ಟಿದ್ದರೆ, ಒಂದು ಪ್ರಬಂಧಕ್ಕೆ ಮುಗಿಯುವ ನಂಟು ಹತ್ತು ವರ್ಷ ಬಾಳುತ್ತಿತ್ತು.

ಖಾಸಗಿ ಕಾಲೇಜುಗಳ ಕಥೆ ಇನ್ನೂ ಹಗುರ. ಆಫ್ರಿಕಾದ ವಿಶ್ವವಿದ್ಯಾಲಯದ ಜೊತೆ ಒಡಂಬಡಿಕೆ, ಶಾಲು, ಸ್ಮರಣಿಕೆ, ಸಾಲಾಗಿ ನಿಂತು ಫೋಟೊ. ಮಾನ್ಯತೆಯ ತಪಾಸಣಾ ತಂಡ ಬಂದಾಗ ಆ ಕಡತ ಹೊರಬರುತ್ತದೆ, ಮತ್ತೆ ಬೀರು ಸೇರುತ್ತದೆ. ಫೀಜು ಕಟ್ಟುವ ವಿದ್ಯಾರ್ಥಿ ಬೇಕು, ಪಕ್ಕದ ಕುರ್ಚಿಯಲ್ಲಿ ಕೂತು ಸರಿಸಮನಾಗಿ ಸಂಶೋಧನೆ ಮಾಡುವ ಅಧ್ಯಾಪಕ ಬೇಡ. ಮಾತು ಕಟುವಾಯಿತೆಂದರೆ ಆಗಲಿ.

ನಮ್ಮವರು ಆಫ್ರಿಕಾಕ್ಕೆ ಹೋಗಲೇ ಇಲ್ಲವೇ? ಹೋದರು, ಸಂಬಳಕ್ಕೆ. ಹೈಲೆ ಸೆಲಾಸ್ಸಿ ಚಕ್ರವರ್ತಿಯ ಕಾಲದಲ್ಲಿ ಇಥಿಯೋಪಿಯಾದ ಶಾಲೆಗಳಲ್ಲಿ ಭಾರತದ ಮೇಷ್ಟ್ರುಗಳು ಪಾಠ ಹೇಳಿದರು. 2000ದ ನಂತರ ಆ ದೇಶ ಒಂದರ ಹಿಂದೊಂದು ವಿಶ್ವವಿದ್ಯಾಲಯ ತೆರೆದಾಗ, ಬೋಧಿಸಲು ಜನ ಸಾಲದೆ ಭಾರತದಿಂದ ನೂರಾರು ಪ್ರಾಧ್ಯಾಪಕರನ್ನು ಕರೆಸಿಕೊಂಡಿತು. ಕರ್ನಾಟಕದವರೂ ಅವರಲ್ಲಿದ್ದರು. ಡಾಲರ್ ಸಂಬಳ ಕೊಟ್ಟದ್ದು ಇಥಿಯೋಪಿಯಾದ ಬೊಕ್ಕಸ. ಆ ದುಡ್ಡಿನಲ್ಲಿ ನಮ್ಮೂರುಗಳಲ್ಲಿ ಮನೆಗಳಾದವು, ಮಕ್ಕಳ ಓದು ನಡೆಯಿತು. ನೆರವಿನ ಪಟ್ಟಿ ಓದುವಾಗ ಈ ಬಾಬತ್ತನ್ನು ಯಾರೂ ಓದುವುದಿಲ್ಲ. ಬಡ ದೇಶವೊಂದು ತನ್ನ ಅಪರೂಪದ ವಿದೇಶಿ ವಿನಿಮಯದಿಂದ ನಮ್ಮ ನಿರುದ್ಯೋಗಿ ಸ್ನಾತಕೋತ್ತರರಿಗೂ ನಿವೃತ್ತರಿಗೂ ಹುದ್ದೆ ಕೊಟ್ಟಿತೆಂದಮೇಲೆ ಕೊಟ್ಟವರು ಯಾರು, ಪಡೆದವರು ಯಾರು ಎಂಬುದನ್ನು ಸ್ವಲ್ಪ ಮೆಲ್ಲಗೆ ಹೇಳಿಕೊಳ್ಳುವುದು ಒಳಿತು.

ಬಂದವರ ಬಾಳು ಇಲ್ಲಿ ಹೇಗಿರುತ್ತದೆ ಎಂಬುದೂ ಲೆಕ್ಕಕ್ಕೆ ಸೇರಬೇಕು. ಹಳದಿ ಜ್ವರದ ಪಟ್ಟಿಯಲ್ಲಿರುವ ದೇಶದಿಂದ ಬರುವವರ ಕೈಯಲ್ಲಿ ಲಸಿಕೆಯ ಚೀಟಿ ಇರಬೇಕು. ಇಲ್ಲದಿದ್ದರೆ ಇಳಿದ ಕೂಡಲೇ ಆರು ದಿನದ ಪ್ರತ್ಯೇಕ ವಾಸ. ವರ್ಷದ ವೀಸಾ ಇದ್ದವರು ಹದಿನಾಲ್ಕು ದಿನದೊಳಗೆ ವಿದೇಶಿಯರ ನೋಂದಣಿ ಮಾಡಿಸಬೇಕು. ಅದಕ್ಕೆ ಬಾಡಿಗೆ ಕರಾರು ಬೇಕು. ಬಾಡಿಗೆ ಮನೆ ಸಿಗುವುದೇ ಬಣ್ಣ ನೋಡಿ. 2016ರ ಜನವರಿ 31ರ ರಾತ್ರಿ ಬೆಂಗಳೂರಿನ ಹೆಸರಘಟ್ಟ ರಸ್ತೆಯಲ್ಲಿ, ಕೊಂಚ ಮುಂಚೆ ನಡೆದಿದ್ದ ಅಪಘಾತವೊಂದಕ್ಕೆ ಯಾವ ಸಂಬಂಧವೂ ಇಲ್ಲದ ಟಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ಮಾಡಿತು. ಆ ಸುದ್ದಿ ದಾರ್ ಎಸ್ ಸಲಾಮಿನ ಅಧ್ಯಾಪಕರ ಕೋಣೆಗೆ ತಲುಪಿರದೆ ಇರುತ್ತದೆಯೇ? ಹತ್ತು ಶೃಂಗಸಭೆ ಕಟ್ಟಿದ್ದನ್ನು ಒಂದು ರಾತ್ರಿ ಕೆಡವಬಲ್ಲದು.

ಇತ್ತ ಆಫ್ರಿಕಾದವರು ಕೈಕಟ್ಟಿ ಕೂತಿಲ್ಲ. ಕೃಷಿ ವಿಶ್ವವಿದ್ಯಾಲಯಗಳು ಸೇರಿ ಕಟ್ಟಿದ ರುಫೋರಮ್ ಕಂಪಾಲಾದ ಮಕೆರೆರೆಯಿಂದ ಕೆಲಸ ಮಾಡುತ್ತಿದೆ. 2015ರಲ್ಲಿ ಸೆನೆಗಲ್ಲಿನ ಡಕಾರಿನಲ್ಲಿ ಸಂಶೋಧನಾ ವಿಶ್ವವಿದ್ಯಾಲಯಗಳ ಒಕ್ಕೂಟ ಹುಟ್ಟಿತು. ಅಮೆರಿಕದ ಕಾರ್ನೆಗಿ ಸಂಸ್ಥೆ 2013ರಲ್ಲಿ, ಅಮೆರಿಕ ಮತ್ತು ಕೆನಡಾದಲ್ಲಿ ನೆಲೆಸಿದ ಆಫ್ರಿಕಾ ಮೂಲದ ಪ್ರಾಧ್ಯಾಪಕರನ್ನು ತಾಯ್ನೆಲದ ವಿಶ್ವವಿದ್ಯಾಲಯಗಳಿಗೆ ಕಳಿಸುವ ಫೆಲೋಶಿಪ್ ಆರಂಭಿಸಿತು. ಏನು ಬೇಕೆಂದು ಹೇಳುವುದು ಆಫ್ರಿಕಾದ ವಿಶ್ವವಿದ್ಯಾಲಯ, ಹೋಗುವವರು ಆ ಪ್ರಾಧ್ಯಾಪಕರು. ದಿಕ್ಕು ಬದಲಾದರೆ ಧಾಟಿಯೂ ಬದಲಾಗುತ್ತದೆ. ನಮ್ಮ ಕಡೆಯಿಂದ ಆ ದಿಕ್ಕಿಗೆ ಇಟ್ಟ ಗಟ್ಟಿ ಹೆಜ್ಜೆ ಎಂದರೆ 2023ರಲ್ಲಿ ಜಾಂಜಿಬಾರಿನಲ್ಲಿ ತೆರೆದ ಐಐಟಿ ಮದ್ರಾಸಿನ ಕ್ಯಾಂಪಸ್. ಯಾವುದೇ ಐಐಟಿಗೆ ಅದು ಮೊದಲ ವಿದೇಶಿ ನೆಲೆ.

ಆದ್ದರಿಂದ ಕೊಯಮತ್ತೂರಿನ ಸಂಸ್ಥೆಗಳಲ್ಲಿ, ಮೈಸೂರು, ಧಾರವಾಡ, ಬೆಂಗಳೂರುಗಳಲ್ಲಿ ಪಾಠ ಮಾಡುತ್ತಿರುವ ಕನ್ನಡದ ಅಧ್ಯಾಪಕರಲ್ಲಿ ಎರಡು ವಿನಂತಿ. ಫೆಲೋಶಿಪ್ ಅರ್ಜಿಗೆ ಆತಿಥೇಯರ ಒಪ್ಪಿಗೆ ಪತ್ರ ಕೇಳಿ ಕಂಪಾಲಾದಿಂದಲೋ ಅಕ್ರಾದಿಂದಲೋ ಮಿಂಚಂಚೆ ಬಂದರೆ ಅಳಿಸಿಹಾಕಬೇಡಿ. ಎಷ್ಟೋ ಅರ್ಜಿಗಳು ಬಿದ್ದುಹೋಗುವುದು ಆ ಒಂದು ಪತ್ರ ಸಿಗದೆ. ಬಂದು ಹೋದವರ ವಿಶ್ವವಿದ್ಯಾಲಯಕ್ಕೆ ಮುಂದಿನ ರಜೆಯಲ್ಲಿ ನೀವೇ ಹೊರಡಿ, ಪ್ರಯಾಣದ ಹಣವನ್ನು ನಿಮ್ಮ ಸಂಸ್ಥೆಯಿಂದ ಕೇಳಿ ಪಡೆಯಿರಿ.