ಶಾಲೆಗೆ ಆಪ್ ಬೇಕೋ, ಜಾಲತಾಣ ಸಾಕೋ?



ಕಳೆದ ತಿಂಗಳ ಪಾಲಕರ ಸಭೆಯಲ್ಲಿ ಒಬ್ಬ ತಂದೆ ಎದ್ದು ನಿಂತು ಕೇಳಿದ ಪ್ರಶ್ನೆ ಇನ್ನೂ ನನ್ನ ಕಿವಿಯಲ್ಲಿದೆ. "ಅಕ್ಕೋರ, ಇಂಗ್ಲಿಷ್ ಸಾಲಿ ಹುಡುಗ್ರಿಗೆಲ್ಲ ಆಪ್ ಐತಿ. ಹೋಂವರ್ಕ್ ಅದರಾಗ ಬರತೈತಿ, ಫೀ ಅದರಾಗ ತುಂಬತಾರ. ನಮ್ಮ ಕನ್ನಡ ಸಾಲಿಗೆ ಯಾಕ ಇಲ್ರಿ?" ಸಭೆಯಲ್ಲಿದ್ದ ಬಹಳ ಜನ ತಲೆಯಾಡಿಸಿದರು. ಹೆಚ್ಚು ಮಾತನಾಡದ ತಾಯಂದಿರೂ ಹೌದು ಹೌದು ಅಂದರು.

ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದರ ಹಿಂದೆ ಒಂದು ನೋವೂ ಇದೆ. ಆಪ್ ಇರುವ ಶಾಲೆ ದೊಡ್ಡ ಶಾಲೆ, ಇಲ್ಲದ ಶಾಲೆ ಬಡ ಶಾಲೆ ಎಂಬ ಭಾವನೆ ಬಾಯ್ನಾದ ಓಣಿಗಳಲ್ಲಿ ಬೇರೂರುತ್ತಿದೆ. ಹಿಂದೆ ಬೂಟು, ಟೈ ನೋಡಿ ಶಾಲೆಯ ಬೆಲೆ ಕಟ್ಟುತ್ತಿದ್ದೆವು, ಈಗ ಆಪ್ ನೋಡಿ ಕಟ್ಟುತ್ತೇವೆ. ಇದೇ ಕಾರಣಕ್ಕೆ ಮಗುವನ್ನು ಕನ್ನಡ ಶಾಲೆಯಿಂದ ಬಿಡಿಸುವ ವಿಚಾರ ಮಾಡುವವರೂ ಇದ್ದಾರೆ. ಆದ್ದರಿಂದ ಈ ವಿಷಯವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ.

ಸಭೆಯಾದ ಎಂಟು ದಿನಕ್ಕೆ ಒಂದು ಕಂಪನಿಯ ಪ್ರತಿನಿಧಿ ಶಾಲೆಗೆ ಬಂದರು. ಹೆಸರು ಬೇಡ. ತಮ್ಮ ಆಪ್ ತೆರೆದು ತೋರಿಸಿದರು, ಬಣ್ಣಬಣ್ಣವಾಗಿ ಚೆನ್ನಾಗಿಯೇ ಇತ್ತು. ಇಂಗ್ಲಿಷ್, ಹಿಂದಿ, ಮರಾಠಿ ಮೂರು ಭಾಷೆ. ಕನ್ನಡ ಎಲ್ಲಿದೆ ಎಂದು ಕೇಳಿದೆ. "ಮೇಡಂ, ಮುಂದಿನ ವರ್ಷ ನೋಡೋಣ" ಎಂದರು. ಪ್ರತಿ ಮಗುವಿಗೆ ವರ್ಷಕ್ಕೆ ಇಷ್ಟು ಎಂದು ದರವನ್ನು ಮಾತ್ರ ಅಂದೇ ಹೇಳಿದರು. ಅಂದಿನಿಂದ ನಾನು ಈ ವಿಷಯ ತಿಳಿದುಕೊಳ್ಳಲು ಕುಳಿತೆ. ನಾನು ಬಿ.ಎಡ್. ಮಾಡಿದ ಕನ್ನಡ ಶಿಕ್ಷಕಿ, ಕಂಪ್ಯೂಟರ್ ಪಂಡಿತಳಲ್ಲ. ಬೆಂಗಳೂರಿನಲ್ಲಿ ಈ ಕೆಲಸ ಮಾಡುವ ನನ್ನ ಅಕ್ಕನ ಮಗ ತಾಳ್ಮೆಯಿಂದ ಹೇಳಿಕೊಟ್ಟ. ನನಗೆ ತಿಳಿದಷ್ಟನ್ನು ನಿಮ್ಮ ಮುಂದೆ ಇಡುತ್ತೇನೆ.

ಆಪ್‌ನಲ್ಲಿ ಎರಡು ಜಾತಿ. ಪ್ಲೇ ಸ್ಟೋರ್‌ನಿಂದ ಇಳಿಸಿಕೊಂಡು ಮೊಬೈಲ್‌ನೊಳಗೆ ಕೂಡಿಸುವುದು ಒಂದು, ಅದಕ್ಕೆ ನೇಟಿವ್ ಆಪ್ ಎನ್ನುತ್ತಾರೆ. ಇನ್ನೊಂದು ಮೂಲದಲ್ಲಿ ಜಾಲತಾಣವೇ. ಕ್ರೋಮ್‌ನಲ್ಲಿ ವಿಳಾಸ ಒತ್ತಿದರೆ ತೆರೆಯುತ್ತದೆ, ಬೇಕೆಂದರೆ ಮೊಬೈಲ್ ಪರದೆಯ ಮೇಲೆ ಬೇರೆ ಆಪ್‌ಗಳ ಸಾಲಿನಲ್ಲಿ ಅದರ ಚಿತ್ರವನ್ನೂ ಇಟ್ಟುಕೊಳ್ಳಬಹುದು, ಒಮ್ಮೆ ನೋಡಿದ ಪುಟ ನೆಟ್ ಇಲ್ಲದಾಗಲೂ ಸಿಗುವಂತೆ ಮಾಡಬಹುದು. ಇದಕ್ಕೆ ಪ್ರೊಗ್ರೆಸಿವ್ ವೆಬ್ ಆಪ್ ಎಂಬ ಉದ್ದ ಹೆಸರು. 2015ರಲ್ಲಿ ಅಲೆಕ್ಸ್ ರಸೆಲ್ ಮತ್ತು ಫ್ರಾನ್ಸಿಸ್ ಬೆರಿಮನ್ ಎಂಬಿಬ್ಬರು ಇಟ್ಟ ಹೆಸರು. ನಾನು ವೆಬ್ ಆಪ್ ಎಂದೇ ಕರೆಯುತ್ತೇನೆ.

ನಮ್ಮ ಮನೆಗಳ ಲೆಕ್ಕದಲ್ಲಿ ಹೇಳುವುದಾದರೆ, ನೇಟಿವ್ ಆಪ್ ಎಂದರೆ ಊರಿಂದ ಬರುವಾಗ ತಂದ ಜೋಳದ ಚೀಲ. ಮನೆಯಲ್ಲೇ ಇರುತ್ತದೆ, ಮಳೆ ಬಂದರೂ ಚಿಂತೆಯಿಲ್ಲ. ಆದರೆ ಇರುವ ಒಂದೇ ಖೋಲಿಯ ಒಂದು ಮೂಲೆಯನ್ನು ನುಂಗುತ್ತದೆ. ಬರೀ ಜಾಲತಾಣವೆಂದರೆ ದಿನಾ ಅಂಗಡಿಗೆ ಹೋಗಿ ಹಿಟ್ಟು ತಂದಂತೆ, ಅಂಗಡಿ ಮುಚ್ಚಿದರೆ ಉಪವಾಸ. ವೆಬ್ ಆಪ್ ಎಂದರೆ ಅಂಗಡಿಯಿಂದಲೇ ತಂದರೂ ವಾರಕ್ಕಾಗುವಷ್ಟನ್ನು ಡಬ್ಬಿಯಲ್ಲಿ ತುಂಬಿಟ್ಟಂತೆ. ಡಬ್ಬಿ ತುಂಬುವ ಕೆಲಸವನ್ನು ಸರ್ವಿಸ್ ವರ್ಕರ್ ಎಂಬ ಸಣ್ಣ ಕಾರ್ಯಕ್ರಮ ಮಾಡುತ್ತದೆ. ಅದು ಜಾಲತಾಣಕ್ಕೂ ಮೊಬೈಲ್‌ಗೂ ನಡುವೆ ಕುಳಿತು, ಬಂದ ಪುಟವನ್ನು ತೆಗೆದಿಟ್ಟು, ನೆಟ್ ಹೋದಾಗ ಆ ಪುಟವನ್ನೇ ಮುಂದಿಡುತ್ತದೆ.

ನಂಬದೆ ನಾನೇ ಪರೀಕ್ಷೆ ಮಾಡಿದೆ. ಅಕ್ಕನ ಮಗ ನಾಲ್ಕನೇ ತರಗತಿಯ ಅಭ್ಯಾಸದ ಪಾಠಗಳನ್ನು ಹಾಕಿ ಒಂದು ಮಾದರಿ ಮಾಡಿಕೊಟ್ಟಿದ್ದ. ದೀಪಾವಳಿಗೆ ಹುಬ್ಬಳ್ಳಿಗೆ ಹೋಗುವಾಗ ವಾಸ್ಕೋ ಸ್ಟೇಷನ್ನಿನಲ್ಲೇ ಮೂರು ಪಾಠ ತೆರೆದು ನೋಡಿಟ್ಟುಕೊಂಡೆ. ಕುಳೆ ದಾಟಿ ಘಟ್ಟ ಹತ್ತುವಾಗ ನೆಟ್‌ವರ್ಕ್ ಹೋಗುವುದು ನಿಮಗೆಲ್ಲ ಗೊತ್ತಿರುವುದೇ. ಅಲ್ಲಿಂದ ಕ್ಯಾಸಲ್‌ರಾಕ್‌ವರೆಗೆ ಮೊಬೈಲ್ ಹಿಡಿದು ಕುಳಿತೆ. ನೋಡಿಟ್ಟ ಮೂರು ಪಾಠಗಳೂ ಸರಾಗವಾಗಿ ತೆರೆದವು. ತೆರೆಯದೆ ಬಿಟ್ಟಿದ್ದ ನಾಲ್ಕನೆಯದು ತೆರೆಯಲಿಲ್ಲ. ಎದುರಿನ ಸೀಟಿನ ಅಜ್ಜಿ "ಏನ್ ಹುಡಕಾಕತ್ತಿ ಯವ್ವಾ, ಹೊರಗ ಹೊಳಿ ನೋಡು" ಅಂದಳು.

ಅದೇ ಪಾಠ ನೇಟಿವ್ ಆಪ್‌ನಲ್ಲಿದ್ದರೂ ತೆರೆಯುತ್ತಿತ್ತು ಎಂಬುದು ನಿಜ. ಹಾಗಾದರೆ ವ್ಯತ್ಯಾಸವೇನು? ಮೊದಲನೆಯದು ಜಾಗ. ನಮ್ಮ ಮಕ್ಕಳಲ್ಲಿ ಬಹಳ ಜನರ ಮನೆಯಲ್ಲಿ ಒಂದೇ ಮೊಬೈಲ್, ಅದೂ ತಂದೆಯದು. ಬಂದರಿನ ಕೆಲಸಕ್ಕೋ ಕಟ್ಟಡದ ಕೆಲಸಕ್ಕೋ ಅವರ ಜೊತೆ ಬೆಳಗ್ಗೆ ಹೋದ ಮೊಬೈಲ್ ರಾತ್ರಿ ಎಂಟಕ್ಕೆ ಮನೆಗೆ ಬರುತ್ತದೆ. ಅದರ ಹೊಟ್ಟೆ ತುಂಬ ಮದುವೆಯ ವಿಡಿಯೋ, ಶುಭೋದಯದ ಹೂವು. ಹೊಸ ಆಪ್ ಹಾಕಲು ಹೋದರೆ ಜಾಗವಿಲ್ಲ ಎನ್ನುತ್ತದೆ. ಟ್ವಿಟರ್ ಕಂಪನಿ 2017ರಲ್ಲಿ ತನ್ನ ವೆಬ್ ಆಪ್ ತಂದಾಗ ಅದರ ಗಾತ್ರ ಒಂದು ಎಂಬಿಗಿಂತ ಕಡಿಮೆ ಇತ್ತು. ಅವರದೇ ಆಂಡ್ರಾಯ್ಡ್ ಆಪ್ 23 ಎಂಬಿಗೂ ಹೆಚ್ಚು. ಕೊಟ್ಟಿದ್ದೇವೆ ಎನ್ನಬಹುದಾದ ಆಪ್‌ಗೂ ಮಗುವಿಗೆ ನಿಜವಾಗಿ ಮುಟ್ಟುವ ಆಪ್‌ಗೂ ಇಷ್ಟು ಅಂತರವಿದೆ.

ಇನ್ನೊಂದು ಅನುಕೂಲ ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ತಂದೆ ಬರುವುದು ತಡವಾದರೆ ಮಗು ಪಕ್ಕದ ಮನೆಯ ಚಿಕ್ಕವ್ವನ ಮೊಬೈಲ್‌ನಲ್ಲಿ ವಿಳಾಸ ಒತ್ತಿ ಪಾಠ ನೋಡಬಹುದು. ಬೇರೆಯವರ ಮೊಬೈಲ್‌ನಲ್ಲಿ ಆಪ್ ಹಾಕಿ ಎಂದು ಕೇಳಲು ಮಗುವಿಗೂ ಸಂಕೋಚ, ಅವರಿಗೂ ಬೇಸರ. ಒಂದು ಪುಟ ತೆರೆದು ಕೊಡಿ ಎಂದರೆ ಯಾರೂ ಇಲ್ಲ ಎನ್ನುವುದಿಲ್ಲ. 2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿ ಎಷ್ಟೋ ಕುಟುಂಬಗಳು ಬಾಗಲಕೋಟೆ, ಕೊಪ್ಪಳ, ಗದಗದ ಕಡೆ ಊರು ಸೇರಿದಾಗ ನಮ್ಮ ಮಕ್ಕಳು ಓದಿದ್ದು ಹೀಗೆಯೇ, ಸೋದರಮಾವನ ಮೊಬೈಲ್, ದೊಡ್ಡಪ್ಪನ ಮೊಬೈಲ್ ಎಂದು ಸಿಕ್ಕಿದ್ದರಲ್ಲಿ.

ದೊಡ್ಡ ಕಂಪನಿಗಳು ಆಪ್‌ನ ಹಿಂದೆಯೇ ಹೋಗಿವೆಯಲ್ಲ ಎಂದು ಕೆಲವರು ಕೇಳಬಹುದು. ಅವರ ಕಥೆಯನ್ನೂ ಕೇಳಿ. ಬೆಂಗಳೂರಿನ ಮಿಂತ್ರಾ 2015ರ ಮೇ ತಿಂಗಳಲ್ಲಿ ತನ್ನ ಜಾಲತಾಣ ಮುಚ್ಚಿ, ಆಪ್ ಇದ್ದವರಿಗೆ ಮಾತ್ರ ಬಟ್ಟೆ ಮಾರುತ್ತೇವೆ ಎಂದಿತು. ಮರುವರ್ಷವೇ ಜಾಲತಾಣ ಮತ್ತೆ ತೆರೆಯಿತು. ಅದರ ಒಡೆತನ ಹೊಂದಿದ್ದ ಫ್ಲಿಪ್‌ಕಾರ್ಟ್ ಕೂಡ ಮೊಬೈಲ್ ಜಾಲತಾಣ ನಿಲ್ಲಿಸಿ ಜನರನ್ನು ಆಪ್ ಕಡೆಗೆ ತಳ್ಳಿತ್ತು. 2015ರ ನವೆಂಬರಿನಲ್ಲಿ ಫ್ಲಿಪ್‌ಕಾರ್ಟ್ ಲೈಟ್ ಎಂಬ ವೆಬ್ ಆಪ್ ತಂದಿತು. ಇನ್ನೂ ಹಿಂದೆ ಹೋದರೆ, 2007ರಲ್ಲಿ ಐಫೋನ್ ಬಂದಾಗ ಹೊರಗಿನವರು ಅದಕ್ಕೆ ವೆಬ್ ಆಪ್‌ಗಳನ್ನೇ ಮಾಡಲಿ ಎಂದು ಸ್ಟೀವ್ ಜಾಬ್ಸ್ ಹೇಳಿದ್ದರು, ಆಪ್ ಸ್ಟೋರ್ ಬಂದದ್ದು 2008ರ ಜುಲೈನಲ್ಲಿ. ಈ ವ್ಯಾಪಾರದಲ್ಲಿ ಇಂದಿನ ಮಾತು ನಾಳೆ ಇರುವುದಿಲ್ಲ.

ವೆಬ್ ಆಪ್‌ನಲ್ಲಿ ದೋಷವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಜಾಗ ಬೇಕೆಂದು ಮಕ್ಕಳು ಕ್ರೋಮ್‌ನ ಮಾಹಿತಿ ಅಳಿಸಿದರೆ ಡಬ್ಬಿಯಲ್ಲಿ ತುಂಬಿಟ್ಟದ್ದೂ ಹೋಗುತ್ತದೆ, ಮತ್ತೆ ನೆಟ್ ಹಚ್ಚಿ ತುಂಬಬೇಕು. 'ನಾಳೆ ಶಾಲೆಗೆ ರಜೆ' ಎಂಬ ಸೂಚನೆ ಗಂಟೆ ಹೊಡೆದು ಬರಬೇಕೆಂದರೆ ಆಂಡ್ರಾಯ್ಡ್‌ನಲ್ಲಿ ನೀವು ಒಪ್ಪಿಗೆ ಒತ್ತಿರಬೇಕು. ಐಫೋನ್‌ನಲ್ಲಿ ಈ ಸೌಲಭ್ಯ ಬಂದದ್ದೇ 2023ರಲ್ಲಿ, ಅದೂ ಪರದೆಯ ಮೇಲೆ ಚಿತ್ರ ಇಟ್ಟುಕೊಂಡವರಿಗೆ ಮಾತ್ರ. ಆ ಚಿತ್ರ ಇಟ್ಟುಕೊಳ್ಳುವುದೂ ಎಲ್ಲರಿಗೆ ತಿಳಿಯುವುದಿಲ್ಲ, ಒಮ್ಮೆ ಯಾರಾದರೂ ಕೈಹಿಡಿದು ತೋರಿಸಬೇಕು. ಹಣದ ವ್ಯವಹಾರದ ಆಪ್‌ಗಳ ಮಾತೇ ಬೇರೆ. ಯುಪಿಐ ಆಪ್ ನಿಮ್ಮ ಸಿಮ್‌ನಿಂದ ಸಂದೇಶ ಕಳಿಸಿ ಈ ನಂಬರು ಈ ಮೊಬೈಲ್‌ನಲ್ಲೇ ಇದೆ ಎಂದು ಖಾತ್ರಿ ಮಾಡಿಕೊಳ್ಳುತ್ತದೆ. ಅಂಥ ಕೆಲಸಕ್ಕೆ ನೇಟಿವ್ ಆಪ್ ಬೇಕು. ಆದರೆ ಶಾಲೆಯ ಕೆಲಸ ಅಂಥದ್ದಲ್ಲ. ಪಾಠ, ಹೋಂವರ್ಕ್, ರಜೆಯ ಸೂಚನೆ, ಪರೀಕ್ಷೆಯ ವೇಳಾಪಟ್ಟಿ, ಇಷ್ಟೇ ತಾನೆ?

ಈಗ ಮುಖ್ಯ ಮಾತಿಗೆ ಬರುತ್ತೇನೆ. ಅದು ಕನ್ನಡ. ಸಂವಿಧಾನಕ್ಕೆ 1956ರಲ್ಲಿ ಆದ 7ನೇ ತಿದ್ದುಪಡಿಯಿಂದ 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕು ಎಂದು ಅದು ಹೇಳುತ್ತದೆ. ಅಂದು ಸೌಲಭ್ಯವೆಂದರೆ ಕೋಣೆ, ಹಲಗೆ, ಪುಸ್ತಕ, ಶಿಕ್ಷಕರು. ಇಂದು ಪಾಠದ ಒಂದು ಭಾಗ ಮೊಬೈಲ್ ಮೂಲಕ ಬರುತ್ತಿದೆ. ಮೊಬೈಲ್‌ನಲ್ಲಿ ಕನ್ನಡವಿಲ್ಲದಿದ್ದರೆ ಸೌಲಭ್ಯದ ಆ ಭಾಗ ನಮ್ಮ ಮಗುವಿಗೆ ಇಲ್ಲವೆಂದೇ ಅರ್ಥ. ಗೋವೆಯ 1987ರ ರಾಜಭಾಷಾ ಕಾಯ್ದೆಯಲ್ಲಿ ಕೊಂಕಣಿ ರಾಜಭಾಷೆ, ಮರಾಠಿಗೂ ಸ್ಥಾನವಿದೆ. ಅದಕ್ಕೆ ನಮ್ಮ ತಕರಾರಿಲ್ಲ, ನಾವು ಇಲ್ಲಿ ಅನ್ನ ತಿನ್ನುವವರು. ಆದರೆ ಇಲ್ಲಿಯ ಮಾರುಕಟ್ಟೆಗೆ ಆಪ್ ಮಾಡುವವರು ತಾವಾಗಿಯೇ ಕನ್ನಡ ಹಾಕುತ್ತಾರೆ ಎಂದು ಕಾಯ್ದು ಕುಳಿತರೆ ಆ 'ಮುಂದಿನ ವರ್ಷ' ಬರುವುದೇ ಇಲ್ಲ.

ಅವರ ಆಪ್‌ಗೆ ಕನ್ನಡ ಸೇರಿಸಬೇಕಾದವರು ಅವರೇ. ಒಂದು ಒತ್ತಕ್ಷರ ತಪ್ಪಿದರೂ ನಾವು ಪತ್ರ ಬರೆಯಬೇಕು, ಅವರು ತಿದ್ದಬೇಕು, ಪ್ಲೇ ಸ್ಟೋರ್‌ಗೆ ಹೊಸದಾಗಿ ಏರಿಸಬೇಕು, ನೀವು ನಿಮ್ಮ ಮೊಬೈಲ್‌ನಲ್ಲಿ ಅಪ್‌ಡೇಟ್ ಮಾಡಿಕೊಳ್ಳಬೇಕು. ಅಪ್‌ಡೇಟ್ ಎಷ್ಟು ಜನ ಮಾಡುತ್ತೇವೆ? ನಮ್ಮದೇ ಜಾಲತಾಣವಾದರೆ ಸಂಜೆ ನಾನು ತಿದ್ದಿದ ಕಾಗುಣಿತ, ನೆಟ್ ಇದ್ದರೆ, ಅದೇ ರಾತ್ರಿ ನಿಮ್ಮ ಮಗುವಿನ ಮುಂದೆ ಇರುತ್ತದೆ. ಹತ್ತು ಹನ್ನೆರಡು ವರ್ಷದ ಹಿಂದೆ ಅಗ್ಗದ ಮೊಬೈಲ್‌ಗಳಲ್ಲಿ ಕನ್ನಡ ಅಕ್ಷರಗಳು ಚೌಕ ಚೌಕ ಡಬ್ಬಿಗಳಾಗಿ ಕಾಣುತ್ತಿದ್ದುದು ನೆನಪಿರಬೇಕು. ಆ ತೊಂದರೆ ಈಗ ಬಹುತೇಕ ಹೋಗಿದೆ, ಹಳೆಯ ಮೊಬೈಲ್ ಇದ್ದವರಿಗೂ ಜಾಲತಾಣವೇ ತನ್ನ ಅಕ್ಷರಗಳನ್ನು ಜೊತೆಗೆ ಕಳಿಸಬಲ್ಲದು. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಕನ್ನಡ ಪುಸ್ತಕಗಳು ಪಿಡಿಎಫ್ ರೂಪದಲ್ಲಿವೆ. 2017ರಲ್ಲಿ ಆರಂಭವಾದ ಕೇಂದ್ರದ ದೀಕ್ಷಾ ಕೂಡ ಆಪ್ ಇಲ್ಲದೆ ಕ್ರೋಮ್‌ನಲ್ಲೇ ತೆರೆಯುತ್ತದೆ. ನಮ್ಮ ಪುಟದಿಂದ ಅಲ್ಲಿಗೆ ದಾರಿ ತೋರಿಸಿದರೆ ಅರ್ಧ ಕೆಲಸ ಮುಗಿಯಿತು.

ಖರ್ಚಿನ ಲೆಕ್ಕ ಕೇಳುವವರಿಗೆ: ಪ್ಲೇ ಸ್ಟೋರ್‌ನಲ್ಲಿ ಖಾತೆ ತೆರೆಯಲು ಒಮ್ಮೆ 25 ಡಾಲರ್, ಆಪಲ್‌ನಲ್ಲಿ ಪ್ರತಿ ವರ್ಷ 99 ಡಾಲರ್. ಅದಕ್ಕಿಂತ ದೊಡ್ಡದು ಆಪ್ ಮಾಡುವವನ ಕೂಲಿ. ಮಾಡಿಸಿ ಬಿಟ್ಟರೂ ಮುಗಿಯುವುದಿಲ್ಲ. ಹೊಸ ಆಂಡ್ರಾಯ್ಡ್‌ಗೆ ತಕ್ಕಂತೆ ಕಾಲಕಾಲಕ್ಕೆ ತಿದ್ದದಿದ್ದರೆ ಹೊಸ ಮೊಬೈಲ್ ಕೊಂಡವರಿಗೆ ಅದು ಪ್ಲೇ ಸ್ಟೋರ್‌ನಲ್ಲಿ ಸಿಗುವುದೇ ಇಲ್ಲ. ಜಾಲತಾಣವೂ ಪುಕ್ಕಟೆಯಲ್ಲ, ವಿಳಾಸಕ್ಕೂ ಜಾಗಕ್ಕೂ ವರ್ಷ ವರ್ಷ ಕಟ್ಟಬೇಕು. ಆದರೆ ಒಂದೇ ಕೆಲಸ ಆಂಡ್ರಾಯ್ಡ್, ಐಫೋನ್, ಶಾಲೆಯ ಕಂಪ್ಯೂಟರ್ ಮೂರಕ್ಕೂ ನಡೆಯುತ್ತದೆ.

ಒಂದು ಎಚ್ಚರಿಕೆಯನ್ನು ಹೇಳದೆ ಬಿಡಲಾರೆ. ಆ ಪ್ರತಿನಿಧಿ, ಪ್ಲೇ ಸ್ಟೋರ್‌ನಲ್ಲಿ ಸಿಗದಿದ್ದರೆ ವಾಟ್ಸಾಪ್‌ನಲ್ಲಿ ಫೈಲ್ ಕಳಿಸುತ್ತೇವೆ, ಒತ್ತಿದರೆ ಸಾಕು ಎಂದರು. ದಯವಿಟ್ಟು ಹಾಗೆ ಒತ್ತಬೇಡಿ. ಮದುವೆಯ ಕರೆಯೋಲೆ ಎಂದು ಎಪಿಕೆ ಫೈಲ್ ಕಳಿಸಿ ಬ್ಯಾಂಕಿನ ಹಣ ದೋಚಿದ ಸುದ್ದಿಗಳನ್ನು ನೀವೂ ಓದಿದ್ದೀರಿ. ಶಾಲೆಯ ಹೆಸರಿನಲ್ಲಿ ಬಂದರೂ ಅದು ಎಪಿಕೆಯೇ. ಹಾಗೆಂದು ಜಾಲತಾಣದಲ್ಲಿ ನಕಲಿ ಇಲ್ಲವೆಂದಲ್ಲ, ವಿಳಾಸದ ಪ್ರತಿ ಅಕ್ಷರವನ್ನೂ ನೋಡಬೇಕು. ಆ ಆಪ್ ತೆರೆದಾಗ ಫೋನಿನಲ್ಲಿರುವ ಎಲ್ಲ ನಂಬರುಗಳನ್ನೂ ನೋಡಲು ಅನುಮತಿ ಕೇಳಿತು. ಹೋಂವರ್ಕ್ ಕೊಡಲು ನಮ್ಮ ನೆಂಟರ ನಂಬರು ಏಕೆ ಬೇಕು? ಕ್ರೋಮ್‌ನಲ್ಲಿ ತೆರೆದ ಪುಟ ಹಾಗೆ ಇಡೀ ಪಟ್ಟಿಗೆ ಕೈಹಾಕಲಾಗದು. 18 ವರ್ಷದೊಳಗಿನ ಮಕ್ಕಳ ಮಾಹಿತಿ ಬಳಸಲು ಪಾಲಕರ ಒಪ್ಪಿಗೆ ಬೇಕೆಂದು 2023ರ ಮಾಹಿತಿ ರಕ್ಷಣಾ ಕಾಯ್ದೆಯೂ ಹೇಳುತ್ತದೆ.

ನನ್ನ ಅಭಿಪ್ರಾಯ ಸ್ಪಷ್ಟವಿದೆ. ಕನ್ನಡವಿಲ್ಲದ ಆಪ್‌ಗೆ ನಮ್ಮ ಪಾಲಕರು ಒಂದು ರೂಪಾಯಿಯನ್ನೂ ಕೊಡಬಾರದು. ಮೊದಲ ಪರದೆಯಿಂದ ಕೊನೆಯ ಗುಂಡಿಯವರೆಗೆ ಕನ್ನಡದಲ್ಲಿರುವ ಒಂದು ಸಣ್ಣ ವೆಬ್ ಆಪ್ ಅನ್ನು ಗೋವೆಯ ಕನ್ನಡ ಶಾಲೆಗಳು ಕೂಡಿ ಮಾಡಿಸಿಕೊಳ್ಳಬೇಕು. ಒಂದೊಂದು ಶಾಲೆ ಒಂದೊಂದು ತರಗತಿಯ ಅಭ್ಯಾಸ ಹಾಕಿದರೂ ಒಂದು ವರ್ಷದಲ್ಲಿ ತುಂಬುತ್ತದೆ. ಮುಖ್ಯೋಪಾಧ್ಯಾಯರಿಗೆ ನಾನು ಇದನ್ನು ಹೇಳಿದ್ದೇನೆ. ಹಣ ಎಲ್ಲಿಂದ ಎಂದು ಅವರು ಕೇಳಿದ್ದಾರೆ, ಅದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಅಲ್ಲಿಯವರೆಗೆ ಈಗಿರುವ ವಾಟ್ಸಾಪ್ ಗುಂಪು ನಡೆಯಲಿ. ಅದರಲ್ಲಿ ಶುಭೋದಯದ ಹೂವು ಕಡಿಮೆಯಾದರೆ ಹೋಂವರ್ಕಿಗೆ ಜಾಗ ಸಿಕ್ಕೀತು.

ಮುಂದಿನ ಪಾಲಕರ ಸಭೆಗೆ ಬರುವಾಗ ಮೊಬೈಲ್ ತಪ್ಪದೆ ತನ್ನಿ. ಆ ಮಾದರಿಯನ್ನು ಪರದೆಯ ಮೇಲೆ ಇಟ್ಟುಕೊಳ್ಳುವುದು ಹೇಗೆಂದು ತೋರಿಸುತ್ತೇನೆ. ನಂತರ ಎಲ್ಲರೂ ನೆಟ್ ಬಂದ್ ಮಾಡಿ ಪಾಠ ತೆರೆಯೋಣ. ಯಾರ ಮೊಬೈಲ್‌ನಲ್ಲಿ ತೆರೆಯುವುದಿಲ್ಲವೋ ಅವರ ಮೊಬೈಲ್ ನನಗೆ ಮೊದಲು ಬೇಕು.