ದಾಖಲೆ ಕೊಟ್ಟವರ ಸುಳಿವು ಡಿಟಿಪಿ ಅಂಗಡಿಯಲ್ಲಿ

ಹೋಬಳಿ, ತಾಲ್ಲೂಕು ಸುತ್ತುವ ನಮ್ಮಂಥ ಬಿಡಿ ಸುದ್ದಿಗಾರರಲ್ಲಿ ಅನೇಕರಿಗೆ ಕಚೇರಿ ಎಂದರೆ ಬಸ್ ನಿಲ್ದಾಣದ ಪಕ್ಕದ ಡಿಟಿಪಿ ಅಂಗಡಿಯೇ. ಸಣ್ಣ ಸುದ್ದಿ ಮೊಬೈಲಿನಲ್ಲೇ ಮುಗಿಯುತ್ತದೆ. ಉದ್ದದ ವರದಿ, ಜೊತೆಗೆ ಸ್ಕ್ಯಾನ್ ಮಾಡಿದ ದಾಖಲೆ ಕಳಿಸಬೇಕೆಂದರೆ ಅಲ್ಲಿಗೇ ಹೋಗಬೇಕು. ಅದೇ ಕುರ್ಚಿಯಲ್ಲಿ ನಮಗಿಂತ ಮೊದಲು ಯಾರದೋ ಬಾಡಿಗೆ ಕರಾರು ಟೈಪಾಗಿರುತ್ತದೆ. ನಾವು ಎದ್ದ ಮೇಲೆ ಕಾಮಗಾರಿ ಬಿಲ್ ಮಾಡಿಸಲು ಗುತ್ತಿಗೆದಾರ ಬರುತ್ತಾನೆ. ನಾವು ಆಗಷ್ಟೇ ಬರೆದದ್ದು ಅವನ ಬಿಲ್ಲಿನ ಬಗ್ಗೆಯೇ ಇದ್ದೀತು.

ವರ್ಡ್ ತೆರೆದರೆ ಸಾಕು, ಇತ್ತೀಚೆಗೆ ಬಳಸಿದ ಫೈಲುಗಳ ಪಟ್ಟಿ ಕಣ್ಣೆದುರು ಬರುತ್ತದೆ. ಫೈಲನ್ನು ಪೆನ್‌ಡ್ರೈವ್‌ನಿಂದಲೇ ತೆರೆದು, ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡು ಬಂದಿದ್ದರೂ ಹೆಸರು ಅಲ್ಲೇ ಉಳಿದಿರುತ್ತದೆ. ಇನ್ನು ನಾವು ಹೆಸರಿಡುವ ರೀತಿಯೋ! 'ಚರಂಡಿ ನಕಲಿ ಬಿಲ್ ವಾಟರ್‌ಮನ್ ಕೊಟ್ಟಿದ್ದು' ಎಂದಿದ್ದರೆ ಫೈಲ್ ತೆರೆದು ನೋಡುವ ಅಗತ್ಯವೇನಿದೆ? ಒಂದು ಊರಿಗೆ ವಾಟರ್‌ಮನ್ ಇರುವುದೇ ಒಬ್ಬರೋ ಇಬ್ಬರೋ.

ಕದ್ದು ಮಾಡುವವರಿಗಲ್ಲವೇ ಗುರುತು ಅಳಿಸುವ ಉಸಾಬರಿ, ನಾವೇಕೆ ಹೆದರಬೇಕು ಎಂದು ಕೇಳುವ ಗೆಳೆಯರಿದ್ದಾರೆ. ನಮ್ಮ ಹೆಸರು ಹೇಗೂ ಸುದ್ದಿಯ ಮೇಲೆ ಅಚ್ಚಾಗುತ್ತದೆ, ಹೆದರಬೇಕಾದ್ದಿಲ್ಲ ನಿಜ. ಆದರೆ ದಾಖಲೆ ಕೊಟ್ಟವರು ಮರುದಿನವೂ ಅದೇ ಪಂಚಾಯಿತಿ ಮೆಟ್ಟಿಲು ಹತ್ತಬೇಕು. 1978ರ ಪತ್ರಿಕಾ ಮಂಡಳಿ ಕಾಯ್ದೆ, ಸುದ್ದಿಮೂಲ ಹೇಳುವಂತೆ ಮಂಡಳಿ ಪತ್ರಕರ್ತರನ್ನು ಒತ್ತಾಯಿಸುವಂತಿಲ್ಲ ಎನ್ನುತ್ತದೆ. ಆ ರಕ್ಷಣೆ ಮಂಡಳಿಯ ವಿಚಾರಣೆಗಷ್ಟೇ. ಡಿಟಿಪಿ ಅಂಗಡಿಯ ಪರದೆಗಲ್ಲ.

ಹಾಗೆಂದು ಅಂಗಡಿಯವರ ಪಟ್ಟಿಯನ್ನೆಲ್ಲ ಒಮ್ಮೆಗೇ ಒರೆಸಿಹಾಕುವುದೂ ಸರಿಯಲ್ಲ. 'ಅಣ್ಣಾ, ನಿನ್ನೆ ಮಾಡಿದ್ದು ಸ್ವಲ್ಪ ತೆಗಿ' ಎಂದು ಬರುವ ಗಿರಾಕಿಯ ಫೈಲನ್ನು ಆಪರೇಟರ್ ಹುಡುಕುವುದು ಅದೇ ಪಟ್ಟಿಯಿಂದ. ಮೇಲಾಗಿ, ದಿನವಿಡೀ ಓಡುವ ಕಂಪ್ಯೂಟರಿನಲ್ಲಿ ಪಟ್ಟಿ ಖಾಲಿ ಕಂಡರೆ 'ಯಾರು ಕೂತಿದ್ದರು?' ಎಂಬ ಪ್ರಶ್ನೆ ಏಳುತ್ತದೆ. ನಮ್ಮ ಫೈಲಿನ ಮೇಲೆ ಮೌಸಿನ ಬಲಗುಂಡಿ ಒತ್ತಿ, ಪಟ್ಟಿಯಿಂದ ತೆಗೆಯುವ ಆಯ್ಕೆ ಒತ್ತಿದರೆ ಅದೊಂದೇ ಹೋಗುತ್ತದೆ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಬರುವ ಚೌಕದಲ್ಲಿ ಇಂಗ್ಲಿಷಿನಲ್ಲಿ 'ರೀಸೆಂಟ್' ಎಂದು ಟೈಪ್ ಮಾಡಿ ಎಂಟರ್ ಕೊಟ್ಟರೆ ವಿಂಡೋಸ್ ಇಟ್ಟುಕೊಂಡ ಗುರುತುಗಳು ಕಾಣುತ್ತವೆ. ಅವು ಬರೀ ಶಾರ್ಟ್‌ಕಟ್. ಅಳಿಸಿದರೆ ಮೂಲ ಫೈಲಿಗೆ ಏನೂ ಆಗದು. ವರ್ಡ್ ತನ್ನದೇ ಬೇರೆ ಪಟ್ಟಿ ಇಡುತ್ತದೆ, ಆಡಿಯೊ ಕೇಳುವ ವಿಎಲ್‌ಸಿಯೂ ಇಡುತ್ತದೆ. ಎರಡನ್ನೂ ಬೇರೆಯಾಗಿಯೇ ನೋಡಬೇಕು. ಸ್ವಂತ ಕಂಪ್ಯೂಟರ್ ಇರುವವರು ಪಟ್ಟಿ ತೋರಿಸುವುದನ್ನೇ ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸಬಹುದು.

ಪಟ್ಟಿಯಿಂದ ಹೆಸರು ಹೋದರೆ ಫೈಲೂ ಹೋಯಿತು ಎಂದುಕೊಳ್ಳುವವರೇ ಹೆಚ್ಚು. ವಾಟ್ಸ್ಆ್ಯಪ್ ವೆಬ್‌ನಿಂದ ಇಳಿಸಿದ ಪಿಡಿಎಫ್ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ತಣ್ಣಗೆ ಕೂತಿರುತ್ತದೆ. ಅದನ್ನು ಅಳಿಸಿ, ರೀಸೈಕಲ್ ಬಿನ್ನಿನಿಂದಲೂ ತೆಗೆದು, ವಾಟ್ಸ್ಆ್ಯಪ್ ಲಾಗೌಟ್ ಮಾಡಿಯೇ ಏಳಬೇಕು. ಇಷ್ಟಾದರೂ ಬಲ್ಲವರು ಜಾಲಾಡಿದರೆ ಬೇರೆ ಕುರುಹು ಸಿಗಬಹುದು. ನಮ್ಮ ಮಟ್ಟಿಗೆ ಮೊದಲು ತಪ್ಪಿಸಬೇಕಾದ್ದು ಪಕ್ಕದಲ್ಲಿ ಕೂತವರ ಕಣ್ಣನ್ನು.

'ಡಾಕ್ಯುಮೆಂಟ್ ಇದ್ದರೆ ಮಾತ್ರ ಕಳಿಸಿ' ಎನ್ನುವ ಡೆಸ್ಕಿನವರು, ಆ ಡಾಕ್ಯುಮೆಂಟ್ ಯಾವ ಕಂಪ್ಯೂಟರಿನಿಂದ ಬರುತ್ತದೆ ಎಂದು ಕೇಳಿದ್ದನ್ನು ನಾವಂತೂ ಕಂಡಿಲ್ಲ. ತಾಲ್ಲೂಕಿಗೊಂದು ಹಳೆಯ ಲ್ಯಾಪ್‌ಟಾಪ್ ಕೊಟ್ಟರೂ ಈ ತಾಪತ್ರಯ ಅರ್ಧ ತಪ್ಪುತ್ತದೆ. ಅದು ಬರುವ ತನಕ ಫೈಲಿಗೆ 'ಸುದ್ದಿ 14' ಎಂದು ಹೆಸರಿಡೋಣ. ವಾಟರ್‌ಮನ್ ಹೆಸರು ನಮ್ಮ ತಲೆಯಲ್ಲಿದ್ದರೆ ಸಾಕು.